ಗುಂಡೇಟು ತಿಂದ ನಾಯಕ: ‘ಗನ್‌ಸ್ಮೋಕ್’ ಮೊದಲ ಕಂತಿನ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಹಳೆಯ ಕೌಬಾಯ್ ಧಾರಾವಾಹಿ ‘ಗನ್‌ಸ್ಮೋಕ್’ನ ಮೊದಲ ಕಂತನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸಿ, ಅದನ್ನು ನೋಡಿದವರು ತಮ್ಮ ಅಭಿಪ್ರಾಯ ಬರೆಯಬೇಕೆಂದು ಕೋರಿದ್ದೆವು. 1955ರ ಸೆಪ್ಟೆಂಬರ್ 10ರಂದು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಈ ಅರ್ಧ ಗಂಟೆಯ ಕಪ್ಪುಬಿಳುಪು ಕಂತಿನ ಹೆಸರು ‘ಮ್ಯಾಟ್ ಗೆಟ್ಸ್ ಇಟ್’. ಕಥೆ ಹೀಗಿದೆ: ನಿರಾಯುಧನೊಬ್ಬನನ್ನು ಕೊಂದ ಡ್ಯಾನ್ ಗ್ರ್ಯಾಟ್ ಎಂಬಾತ ಕಾನ್ಸಾಸ್‌ನ ಡಾಡ್ಜ್ ಸಿಟಿಗೆ ಬಂದಿದ್ದಾನೆ. ಅವನನ್ನು ಹಿಡಿಯಲು ಟೆಕ್ಸಾಸ್‌ನ ಅಮರಿಲೊದಿಂದ ಬಂದ ಶೆರಿಫ್ ಅವನ ಗುಂಡಿಗೆ ಬಲಿಯಾಗುತ್ತಾನೆ. ಬಂಧಿಸಲು ಹೋದ ಕಥಾನಾಯಕ, ಊರಿನ ಕಾನೂನು ಕಾಯುವ ಮಾರ್ಷಲ್ ಮ್ಯಾಟ್ ಡಿಲನ್ ಕೂಡ ಗುಂಡು ತಗುಲಿ ಉರುಳುತ್ತಾನೆ. ವೈದ್ಯರ ಆರೈಕೆಯಿಂದ ಬದುಕುಳಿದು, ಎದುರಾಳಿಯ ಗುಟ್ಟನ್ನು ಕಂಡುಕೊಂಡು, ಎರಡನೆಯ ಬಾರಿ ದೂರದಲ್ಲೇ ನಿಂತು ಅವನನ್ನು ಹೊಡೆದು ಕೆಡಹುತ್ತಾನೆ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೊದಲ ಕಂತಿನಲ್ಲೇ ನಾಯಕನನ್ನು ಸೋಲಿಸಿದರೆ ಮುಂದಿನ ವಾರ ಅವನನ್ನು ನೋಡಲು ಯಾರು ಬರುತ್ತಾರೆ? ನನಗಂತೂ ಇದು ನಿರ್ಮಾಪಕರ ಅಚಾತುರ್ಯವೆಂದೇ ತೋರಿತು. (ಮೈಸೂರಿನ ಓದುಗರೊಬ್ಬರು)

ಉತ್ತರ: ನೋಡಲು ಬಂದವರು ಇಪ್ಪತ್ತು ವರ್ಷ ಬಿಡದೆ ಬಂದರು. ಧಾರಾವಾಹಿ 1975ರವರೆಗೆ 635 ಕಂತುಗಳಷ್ಟು ನಡೆಯಿತು ಮತ್ತು 1957ರಿಂದ 1961ರವರೆಗಿನ ನಾಲ್ಕು ಋತುಗಳಲ್ಲಿ (ವಾರ್ಷಿಕ ಪ್ರಸಾರದ ಅವಧಿಗಳಲ್ಲಿ) ಅಮೆರಿಕದ ಅತಿ ಹೆಚ್ಚು ವೀಕ್ಷಿತ ಕಾರ್ಯಕ್ರಮವಾಗಿತ್ತು. ಆದರೆ ತಮ್ಮ ಅನುಮಾನ ಅಸಹಜವಾದುದಲ್ಲ. ಅಲ್ಲಿಯವರೆಗೆ ದೂರದರ್ಶನದಲ್ಲಿ ಬರುತ್ತಿದ್ದ ‘ದಿ ಲೋನ್ ರೇಂಜರ್’ನಂತಹ ಕಥೆಗಳು ಹೆಚ್ಚಾಗಿ ಮಕ್ಕಳಿಗಾಗಿ ಇದ್ದವು, ಅವುಗಳ ನಾಯಕರಿಗೆ ಸೋಲು ಎಂಬುದೇ ಗೊತ್ತಿರಲಿಲ್ಲ. 1952ರಿಂದ ರೇಡಿಯೊ ನಾಟಕವಾಗಿ ದೊಡ್ಡವರನ್ನು ಸೆಳೆದಿದ್ದ ‘ಗನ್‌ಸ್ಮೋಕ್’ ಅದೇ ಕೇಳುಗರನ್ನು ತೆರೆಯ ಮುಂದೆಯೂ ಕೂರಿಸಬೇಕಾಗಿತ್ತು. ಊರಾಚೆಯ ‘ಬೂಟ್ ಹಿಲ್’ ಸ್ಮಶಾನದಲ್ಲಿ ಗೋರಿಗಳ ನಡುವೆ ಒಬ್ಬನೇ ನಡೆಯುತ್ತ ತನ್ನಷ್ಟಕ್ಕೆ ಯೋಚಿಸುವ ಮನುಷ್ಯನಾಗಿ ಮ್ಯಾಟ್‌ನನ್ನು ನಾವು ಮೊದಲು ಕಾಣುತ್ತೇವೆ. ಆ ಸ್ಮಶಾನದಲ್ಲಿ ತನಗೂ ಒಂದು ಜಾಗವಿರಬಹುದೆಂಬ ಮಾತು ಬರಿಯ ಅಲಂಕಾರವಾಗಿ ಉಳಿಯದಿರಲು ಅವನಿಗೆ ಗುಂಡು ತಗುಲಲೇಬೇಕಾಗಿತ್ತು. ಮುಂದಿನ ಕಂತುಗಳಲ್ಲಿ ಅವನು ಬೀದಿಗೆ ಇಳಿದಾಗಲೆಲ್ಲ ನೋಡುಗರು ಉಸಿರು ಬಿಗಿಹಿಡಿದದ್ದಕ್ಕೆ ಈ ಮೊದಲ ಸೋಲಿನ ನೆನಪೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ನಾನು ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಗ್ರ್ಯಾಟ್ ಹತ್ತಿರ ಬಂದು ಎದುರಿಸುತ್ತಾನೆ, ಮಾರ್ಷಲ್ ದೂರ ನಿಂತು ಹೊಡೆಯುತ್ತಾನೆ. ಇವರಿಬ್ಬರಲ್ಲಿ ಧೈರ್ಯವಂತ ಯಾರು? ಕೊನೆಯ ದೃಶ್ಯ ನನಗೆ ಒಂದು ಬಗೆಯ ಮೋಸವಾಗಿ ಕಂಡಿತು. (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚು ಯೋಚಿಸುವಂತೆ ಮಾಡಿದ್ದು ತಮ್ಮದು. ಆದರೂ ತಮ್ಮ ತೀರ್ಪನ್ನು ಒಪ್ಪಲಾರೆ. ಗ್ರ್ಯಾಟ್ ಹತ್ತಿರ ಬರುವುದು ಧೈರ್ಯದಿಂದಲ್ಲ, ದೂರದ ಗುರಿ ಅವನಿಗೆ ಸಿಗುವುದಿಲ್ಲ ಎಂಬ ಕಾರಣದಿಂದ. ಒರೆಯಿಂದ ಪಿಸ್ತೂಲನ್ನು ಹಿರಿಯುವ ವೇಗವೊಂದೇ ಅವನ ಬಂಡವಾಳ. ಎದುರಾಳಿ ಕೆಲವೇ ಹೆಜ್ಜೆಗಳ ಅಂತರದಲ್ಲಿದ್ದರೆ ಗುರಿ ಹಿಡಿಯುವ ಅಗತ್ಯವೇ ಬೀಳದು, ಮೊದಲು ಕೈ ಎತ್ತಿದವನೇ ಗೆದ್ದ. ಹಾಸಿಗೆಯಲ್ಲಿ ಬಿದ್ದಿರುವಾಗ ಮ್ಯಾಟ್ ಕಂಡುಕೊಳ್ಳುವುದು ಇದನ್ನೇ. ಎರಡನೆಯ ಸಲ ಅವನು ನಿಂತಲ್ಲೇ ನಿಲ್ಲುತ್ತಾನೆ, ಹತ್ತಿರ ಬರಲು ಹವಣಿಸುವ ಗ್ರ್ಯಾಟ್‌ನ ಗುಂಡು ಗುರಿ ತಪ್ಪುತ್ತದೆ. ಪಂದ್ಯದ ನಿಯಮವನ್ನು ಗ್ರ್ಯಾಟ್ ತನಗೆ ಅನುಕೂಲವಾಗುವಂತೆ ಮೊದಲೇ ತಿದ್ದಿಕೊಂಡಿದ್ದ, ಮ್ಯಾಟ್ ಅದನ್ನು ಸಮನಾಗಿಸಿದ ಅಷ್ಟೆ.

ಇದು ಕಥೆಗಾರರ ಕಲ್ಪನೆ ಮಾತ್ರವೂ ಅಲ್ಲ. ಆ ಕಾಲದ ರಿವಾಲ್ವರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆಯನ್ನು, ಅಂದರೆ ಗುಂಡು ಸಿಡಿಸುವ ಪುಟ್ಟ ಸುತ್ತಿಗೆಯನ್ನು, ಹಿಂದಕ್ಕೆಳೆಯಬೇಕಾಗಿತ್ತು. ಕರಿಮದ್ದು ಉರಿದಾಗ ಏಳುತ್ತಿದ್ದ ದಟ್ಟ ಹೊಗೆ ಎದುರಿನವನನ್ನೇ ಮರೆಮಾಡುತ್ತಿತ್ತು, ಧಾರಾವಾಹಿಗೆ ಹೆಸರು ಕೊಟ್ಟದ್ದೂ ಆ ಕೋವಿ ಹೊಗೆಯೇ. 1865ರ ಜುಲೈ 21ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ಚೌಕದಲ್ಲಿ ಹೆಸರಾಂತ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್ ಮತ್ತು ಡೇವಿಸ್ ಟಟ್ ಎದುರುಬದುರಾದಾಗ ಅವರ ನಡುವೆ ಸುಮಾರು 70 ಮೀಟರ್ ಅಂತರವಿತ್ತು. ಟಟ್‌ನ ಗುಂಡು ತಪ್ಪಿತು, ಹಿಕಾಕ್‌ನದು ಎದೆಗೆ ನಾಟಿತು. ಇನ್ನು ಹತ್ತಿರದ ಹೊಡೆತ ಎಷ್ಟು ಭೀಕರವೆಂಬುದಕ್ಕೆ ಡಾಡ್ಜ್ ಸಿಟಿಯಲ್ಲೇ ನಿದರ್ಶನವಿದೆ: ಆ ಊರಿನ ನಿಜವಾದ ಮಾರ್ಷಲ್ ಎಡ್ ಮಾಸ್ಟರ್‌ಸನ್ 1878ರ ಏಪ್ರಿಲ್‌ನಲ್ಲಿ ಕುಡಿದ ದನಗಾಹಿಯೊಬ್ಬನಿಂದ ಆಯುಧ ಕಸಿದುಕೊಳ್ಳಲು ಹೋದಾಗ, ಮೈಗೆ ತಾಗುವಷ್ಟು ಹತ್ತಿರದಿಂದ ಸಿಡಿದ ಗುಂಡಿನ ಕಿಡಿಗೆ ಅವರ ಬಟ್ಟೆಗೂ ಬೆಂಕಿ ಹತ್ತಿಕೊಂಡಿತ್ತು. ಅಷ್ಟು ಸನಿಹಕ್ಕೆ ಹೋಗಬಾರದೆಂದು ತಿಳಿದ ಅಧಿಕಾರಿಯನ್ನು ಹೇಡಿಯೆಂದು ತಾವಂತೂ ಕರೆಯಲಾರಿರಿ.

ಪ್ರಶ್ನೆ: ನಾನು ಹತ್ತು ವರ್ಷಗಳಿಂದ ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗ. ಕಥೆಯಲ್ಲಿ ಬರುವ ಅಮರಿಲೊ ಊರಿನ ಬಗ್ಗೆ ಒಂದು ಸಂದೇಹವಿದೆ: ಕಥೆ ನಡೆಯುವ ಕಾಲದಲ್ಲಿ ಆ ಊರು ಇತ್ತೇ? ಡಾಡ್ಜ್ ಸಿಟಿಯಲ್ಲಿ ದಿನಕ್ಕೊಂದು ಕೊಲೆ ನಡೆಯುತ್ತಿತ್ತೆಂಬುದಾದರೂ ನಿಜವೇ?

ಉತ್ತರ: ಸರಿಯಾದ ತಪ್ಪನ್ನೇ ಹಿಡಿದಿದ್ದೀರಿ. ಧಾರಾವಾಹಿ ನಡೆಯುವುದು 1870ರ ದಶಕದಲ್ಲಿ, ಅಮರಿಲೊ ಹುಟ್ಟಿದ್ದು 1887ರಲ್ಲಿ. ಅಷ್ಟು ಹೊತ್ತಿಗೆ ಡಾಡ್ಜ್ ಸಿಟಿಗೆ ಟೆಕ್ಸಾಸ್‌ನಿಂದ ದನಗಳ ಹಿಂಡು ಹೊಡೆದುಕೊಂಡು ಬರುವ ಕಾಲವೇ ಮುಗಿದಿತ್ತು. ಟೆಕ್ಸಾಸ್ ದನಗಳು ತರುವ ಜ್ವರಕ್ಕೆ ಹೆದರಿ ಕಾನ್ಸಾಸ್ ರಾಜ್ಯ 1885ರಲ್ಲಿ ಅವುಗಳಿಗೆ ಗಡಿ ಮುಚ್ಚಿತ್ತು. ಆದ್ದರಿಂದ ಆ ಶೆರಿಫ್ ಇನ್ನೂ ಹುಟ್ಟದ ಊರಿನಿಂದ ಹೊರಟು ಬಂದು ಸತ್ತನೆಂದು ನಾವು ನಗಬಹುದು, ಕಥೆಗೆ ಅದರಿಂದ ದೊಡ್ಡ ಹಾನಿಯೇನೂ ಇಲ್ಲ.

ಕೊಲೆಗಳ ಲೆಕ್ಕ ಮಾತ್ರ ಗಂಭೀರವಾದ ವಿಷಯ. ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಅವರ ಎಣಿಕೆಯಂತೆ 1870ರಿಂದ 1885ರವರೆಗೆ ಡಾಡ್ಜ್ ಸಿಟಿಯೂ ಸೇರಿದಂತೆ ಕಾನ್ಸಾಸ್‌ನ ಐದು ದನದ ವ್ಯಾಪಾರದ ಪಟ್ಟಣಗಳಲ್ಲಿ ನಡೆದ ಹತ್ಯೆಗಳು ಒಟ್ಟು 45. ಅಂದರೆ ವ್ಯಾಪಾರದ ಒಂದು ಋತುವಿಗೆ ಒಂದು ಪಟ್ಟಣದಲ್ಲಿ ಸರಾಸರಿ ಒಂದೂವರೆ. ಡಾಡ್ಜ್ ಸಿಟಿಯಲ್ಲಿ ರೈಲು ಹಳಿಯ ಉತ್ತರಕ್ಕೆ ಆಯುಧ ಹೊತ್ತು ತಿರುಗುವುದನ್ನೇ ನಿಷೇಧಿಸಲಾಗಿತ್ತು. ದನ ಕೊಳ್ಳಲು ಬರುವವರು ಹೆದರಿ ಓಡಿದರೆ ಊರಿನ ವ್ಯಾಪಾರವೇ ನಿಂತುಹೋದೀತೆಂಬುದು ಅಂಗಡಿಕಾರರಿಗೆ ಚೆನ್ನಾಗಿ ತಿಳಿದಿತ್ತು. ಈ ಒಂದೇ ಕಂತಿನಲ್ಲಿ ಡಾಡ್ಜ್ ಸಿಟಿಯ ನೆಲದಲ್ಲಿ ಬಿದ್ದ ಹೆಣಗಳು ಆ ಸರಾಸರಿಯನ್ನು ಮೀರಿಸುತ್ತವೆ.

ಪ್ರಶ್ನೆ: ಪಾನಗೃಹದ ಹೆಂಗಸು ಕಿಟ್ಟಿಗೆ ಈ ಕಂತಿನಲ್ಲಿ ಮಾಡಲು ಕೆಲಸವೇ ಇಲ್ಲವಲ್ಲ? (ಉಡುಪಿಯ ಓದುಗರೊಬ್ಬರು)

ಉತ್ತರ: ಇಲ್ಲವೆಂದೇ ಹೇಳಬೇಕು, ಇದು ಕಂತಿನ ನಿಜವಾದ ಕೊರತೆ. ಪಾನಗೃಹದಲ್ಲಿ ದುಡಿಯುವ ಹೆಂಗಸಿನ ಬದುಕನ್ನು ರೇಡಿಯೊ ನಾಟಕದಲ್ಲಿ ಸೂಚ್ಯವಾಗಿ ಹೇಳಲು ಸಾಧ್ಯವಿತ್ತು, ದೂರದರ್ಶನಕ್ಕೆ ಬಂದಾಗ ಅದನ್ನು ಇನ್ನಷ್ಟು ಮೃದುಗೊಳಿಸಿದರು. ಕಿಟ್ಟಿಯಾಗಿ ನಟಿಸಿದ ಅಮಾಂಡಾ ಬ್ಲೇಕ್ ಅವರು ಹತ್ತೊಂಬತ್ತು ಋತುಗಳ ಕಾಲ ಆ ಪಾತ್ರಕ್ಕೆ ತಾವೇ ತೂಕ ತಂದುಕೊಟ್ಟರು ಮತ್ತು ಕಿಟ್ಟಿ ಮುಂದೆ ‘ಲಾಂಗ್ ಬ್ರಾಂಚ್’ ಪಾನಗೃಹದ ಒಡತಿಯೂ ಆದಳು. ಮೊದಲ ಕಂತಿನಲ್ಲಿ ಅದರ ಸುಳಿವು ಅವರ ನೋಟದಲ್ಲಿದೆಯೇ ಹೊರತು ಬರೆದ ಸಂಭಾಷಣೆಯಲ್ಲಿಲ್ಲ.

ಪ್ರಶ್ನೆ: ಆರಂಭದಲ್ಲಿ ಜಾನ್ ವೇನ್ ಬಂದು ಭಾಷಣ ಮಾಡುವುದೇಕೆ? ಪಾತ್ರವನ್ನು ಅವರೇ ಮಾಡಬಹುದಿತ್ತಲ್ಲ? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ಅಂದಿನ ದೊಡ್ಡ ಸಿನಿಮಾ ತಾರೆಗೆ ವಾರ ವಾರವೂ ದೂರದರ್ಶನದಲ್ಲಿ ದುಡಿಯುವುದು ಇಳಿಜಾರಿನ ದಾರಿಯಾಗಿ ಕಾಣುತ್ತಿತ್ತು. ಮ್ಯಾಟ್‌ನ ಪಾತ್ರ ಮಾಡಿದ ಜೇಮ್ಸ್ ಆರ್ನೆಸ್ ಆಗ ಅಷ್ಟಾಗಿ ಹೆಸರಾದವರಲ್ಲ, ವೇನ್ ಜೊತೆ ಕೆಲವು ಚಿತ್ರಗಳಲ್ಲಿ ನಟಿಸಿದ್ದವರು. ಧಾರಾವಾಹಿಯು ಪ್ರಾಮಾಣಿಕವಾಗಿದೆ, ದೊಡ್ಡವರಿಗೆ ತಕ್ಕುದಾಗಿದೆ, ವಾಸ್ತವಕ್ಕೆ ಹತ್ತಿರವಾಗಿದೆ ಎಂದು ವೇನ್ ತೆರೆಯ ಮೇಲೆ ಹೇಳಿದ್ದು ಹೊಸಬರೊಬ್ಬರಿಗೆ ಹಿರಿಯರು ಕೊಟ್ಟ ಶಿಫಾರಸು ಪತ್ರದಂತಿತ್ತು.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ನೋಡಿದೆವು. ಮಕ್ಕಳು ಹತ್ತು ನಿಮಿಷಕ್ಕೇ ಎದ್ದುಹೋದರು, ನನಗೂ ನಡುವಿನ ಭಾಗ ನಿಧಾನವೆನಿಸಿತು. ಅಂದಹಾಗೆ, ಮಾರ್ಷಲ್‌ನ ಸಹಾಯಕ ಚೆಸ್ಟರ್ ಕುಂಟುವುದೇಕೆ? (ಶಿರಸಿಯ ಓದುಗರೊಬ್ಬರು)

ಉತ್ತರ: ಆ ನಿಧಾನದ ಭಾಗದಲ್ಲೇ ಕಂತಿನ ಜೀವವಿದೆ ಎಂಬುದು ನನ್ನ ಅಭಿಪ್ರಾಯ. ಗ್ರ್ಯಾಟ್ ಊರಿನಲ್ಲಿ ಮನಬಂದಂತೆ ತಿರುಗುತ್ತಿರುವಾಗ ಮಾರ್ಷಲ್ ಏಳಲಾರದೆ ಮಲಗಿದ್ದಾನೆ. ಗಾಯ ಮಾಯುವುದಕ್ಕೂ ಯೋಚನೆ ಬಲಿಯುವುದಕ್ಕೂ ಹೊತ್ತು ಬೇಕು. ನಿರ್ದೇಶಕ ಚಾರ್ಲ್ಸ್ ಮಾರ್ಕ್ವಿಸ್ ವಾರನ್ ಅದನ್ನು ಅವಸರದಿಂದ ದಾಟಿಸಿದ್ದರೆ ಕೊನೆಯ ಗೆಲುವು ಅದೃಷ್ಟದಂತೆ ಕಾಣುತ್ತಿತ್ತು. ಆದರೂ ಮಕ್ಕಳನ್ನು ಬಲವಂತವಾಗಿ ಕೂರಿಸಬೇಡಿ.

ಚೆಸ್ಟರ್‌ನ ಬಿಗಿಯಾದ ಕಾಲು ನಟ ಡೆನಿಸ್ ವೀವರ್ ಅವರ ಉಪಾಯ. ಹೊಡೆದಾಟಕ್ಕೆ ಇಳಿಯದ ಸಹಾಯಕನೊಬ್ಬ ಹಾಗೇಕಿದ್ದಾನೆಂದು ನೋಡುಗರು ಕೇಳದಿರಲು ಅವರು ಆ ಊನವನ್ನು ಆರಿಸಿಕೊಂಡು, 1964ರಲ್ಲಿ ಧಾರಾವಾಹಿ ಬಿಡುವವರೆಗೂ ನಿಭಾಯಿಸಿದರು. ನಿಜವಾಗಿ ಕಾಲಿಗೆ ಗುಂಡು ತಿಂದಿದ್ದವರು ಅವರ ಪಕ್ಕದಲ್ಲಿ ನಡೆಯುತ್ತಿದ್ದ ಆರ್ನೆಸ್. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೊದಲ್ಲಿ ಮೆಷಿನ್‌ಗನ್ ಗುಂಡು ಅವರ ಬಲಗಾಲನ್ನು ಛಿದ್ರಗೊಳಿಸಿತ್ತು, ಅದರ ನೋವು ಕೊನೆಯವರೆಗೂ ಬಿಡಲಿಲ್ಲ. ಕಂತನ್ನು ಇನ್ನೊಮ್ಮೆ ನೋಡುವಾಗ, ಗ್ರ್ಯಾಟ್‌ನ ಎದುರಿಗೆ ಎರಡನೆಯ ಸಲ ಹೊರಡುವ ಮ್ಯಾಟ್‌ನ ನಡಿಗೆಯನ್ನು ದಯವಿಟ್ಟು ಗಮನಿಸಿ.