ಮದುವೆಯ ಚಿತ್ರೀಕರಣಕ್ಕೆ ಡ್ರೋನ್: ಯಾವ ಅನುಮತಿ ಬೇಕು?

ಪ್ರಶ್ನೆ: ಮದುವೆಗಳ ಫೋಟೊ, ವಿಡಿಯೊ ತೆಗೆಯುವುದು ನನ್ನ ವೃತ್ತಿ. ನಮ್ಮೂರು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ಅಣ್ಣ ದುಬೈನಿಂದ ತರಲಿರುವ 600 ಗ್ರಾಂ ತೂಕದ ಡ್ರೋನನ್ನು ಕಲ್ಯಾಣ ಮಂಟಪದ ಮೇಲೆ ಹಾರಿಸಬಹುದೇ? ಹಸಿರು ವಲಯದಲ್ಲಿ ಅನುಮತಿಯೇ ಬೇಡ ಎನ್ನುತ್ತಾರೆ ಗೆಳೆಯರು.
– ಓದುಗರೊಬ್ಬರು, ಬೆಂಗಳೂರು ಗ್ರಾಮಾಂತರ ಜಿಲ್ಲೆ

ಉತ್ತರ: ಮೊದಲು, ಆ ಡ್ರೋನನ್ನು ತರುವುದು ಬೇಡವೆಂದು ಅಣ್ಣನವರಿಗೆ ತಿಳಿಸಿ. ರಕ್ಷಣೆ, ಭದ್ರತೆ ಮತ್ತು ಸಂಶೋಧನೆಯ ಉದ್ದೇಶಗಳನ್ನು ಬಿಟ್ಟರೆ ವಿದೇಶಿ ಡ್ರೋನುಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿಯೇ ನಿಷೇಧಿಸಿದೆ.

ಗೆಳೆಯರ ಮಾತು ಅರ್ಧ ಮಾತ್ರ ನಿಜ, ಮತ್ತು ಹಲವರು ಎಡವುವುದು ಇಲ್ಲಿಯೇ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಹಾರಾಟಕ್ಕೆ ಮುಂಚಿತ ಅನುಮತಿ ಬೇಕಿಲ್ಲವಾದರೂ, ಡ್ರೋನಿನ ನೋಂದಣಿ ಮತ್ತು ವಿಶಿಷ್ಟ ಗುರುತಿನ ಸಂಖ್ಯೆಯ ಹೊಣೆ ಅದರಿಂದ ತಪ್ಪುವುದಿಲ್ಲ. ಎತ್ತರದ ಮಿತಿಯೂ ಎಲ್ಲೆಡೆ ಒಂದೇ ಅಲ್ಲ: ಸಾಮಾನ್ಯವಾಗಿ 400 ಅಡಿ, ಆದರೆ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿ, ಅಂದರೆ 60 ಮೀಟರ್ ಮಾತ್ರ. ಅದನ್ನು ಮೀರಿದರೆ ಹಳದಿ ವಲಯ. ಅಲ್ಲಿ ವಾಯು ಸಂಚಾರ ನಿಯಂತ್ರಣ ಕೇಂದ್ರದ ಅನುಮತಿ ಬೇಕೇಬೇಕು. ಆದ್ದರಿಂದ ರಿಮೋಟಿನ ಸೆಟ್ಟಿಂಗಿನಲ್ಲಿ ಗರಿಷ್ಠ ಎತ್ತರವನ್ನು 60 ಮೀಟರಿಗಿಂತ ಕೆಳಗೇ ಕಟ್ಟಿಹಾಕಿ. ಮದುವೆಯ ದಿನ ಬೆಳಿಗ್ಗೆ, ಡ್ರೋನ್ ವಲಯಗಳನ್ನು ತೋರಿಸುವ ಕೇಂದ್ರ ಸರ್ಕಾರದ 'ಡಿಜಿಟಲ್ ಸ್ಕೈ' ಜಾಲತಾಣದ ನಕ್ಷೆಯನ್ನು ಮತ್ತೊಮ್ಮೆ ನೋಡಿ, ಏಕೆಂದರೆ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು, ಅಂದರೆ ಹಾರಾಟ ನಿಷಿದ್ಧ ಪ್ರದೇಶವೆಂದು, ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ.

ಬ್ಯಾಟರಿಯೂ ಸೇರಿ 250 ಗ್ರಾಂ ಮೀರಿದ, 2 ಕಿಲೋ ದಾಟದ ಡ್ರೋನ್ 'ಮೈಕ್ರೊ' ವರ್ಗಕ್ಕೆ ಸೇರುತ್ತದೆ. ಹವ್ಯಾಸಕ್ಕಾಗಿ ಹಾರಿಸುವವರಿಗೆ ಈ ವರ್ಗದಲ್ಲಿ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಣ ಪಡೆದು ಚಿತ್ರೀಕರಿಸುವ ನಿಮಗೆ ಬೇಕು. ಹತ್ತನೇ ತರಗತಿ ಪಾಸಾದ, 18ರಿಂದ 65 ವರ್ಷದೊಳಗಿನವರು ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಮುಗಿಸಿ ಅದನ್ನು ಪಡೆಯಬಹುದು. ಮೂರನೆಯವರಿಗೆ ಆಗುವ ಹಾನಿಗೆ ವಿಮೆಯೂ ಕಡ್ಡಾಯ. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಎಲ್ಲ ಕಾಗದಪತ್ರ ಸರಿಯಿದ್ದರೂ ಅಕ್ಷತೆ ಹಾಕಲು ಸೇರಿದ ಜನರ ನೆತ್ತಿಯ ಮೇಲೆ ಮಾತ್ರ ಡ್ರೋನ್ ನಿಲ್ಲಿಸಬೇಡಿ. ಒಂದು ರೆಕ್ಕೆ ಮುರಿದರೂ ಅದು ನೇರವಾಗಿ ಕೆಳಗಿರುವ ಮಗುವಿನ ಮೇಲೆ ಬೀಳುತ್ತದೆ. ಅಂಗಳದ ಅಂಚಿನಿಂದ ಓರೆಯಾಗಿ ತೆಗೆದರೂ ಚಪ್ಪರ, ದಿಬ್ಬಣ ಎರಡೂ ಚೆನ್ನಾಗಿಯೇ ಬರುತ್ತವೆ. ತರಬೇತಿ ಮುಗಿಯುವವರೆಗೆ ಪ್ರಮಾಣಪತ್ರವಿರುವ ಪೈಲಟ್ ಒಬ್ಬರನ್ನು ಕರೆಸಿಕೊಳ್ಳಿ. ಮುಂಗಡ ಕೊಡುವ ಮೊದಲು ಅವರ ಪ್ರಮಾಣಪತ್ರ, ಡ್ರೋನಿನ ಗುರುತಿನ ಸಂಖ್ಯೆ ಮತ್ತು ವಿಮೆಯ ಪತ್ರವನ್ನು ಕೇಳಿ ನೋಡಿ.