ಡಾಕ್ಟರ ಮೇಲೆ ಅನುಮಾನವೇ? ಅವರನ್ನೇ ಕೇಳಿ

ಓದುಗರೊಬ್ಬರ ಪತ್ರ: "ನನ್ನ ಮಗನಿಗೆ ಒಂದೂವರೆ ವರ್ಷ. ಹುಟ್ಟಿದಾಗಿನಿಂದ ಒಬ್ಬರೇ ಮಕ್ಕಳ ಡಾಕ್ಟರಿಗೆ ತೋರಿಸುತ್ತಿದ್ದೇವೆ. ಈಚೆಗೆ ನೆಗಡಿ, ಜೋರು ಜ್ವರ ಬಂತು. ಅವರು ಕಿವಿ, ಗಂಟಲು ನೋಡಿದರು. ಅಂಗಿ ಎತ್ತಿ ಸ್ವಲ್ಪ ಹೊತ್ತು ಎದೆ ನೋಡಿದರು. ತೂಕ ಮಾಡಿದರು. 'ವೈರಲ್ ಜ್ವರ, ಗಾಬರಿ ಬೇಡ' ಎಂದು ಪ್ಯಾರಸಿಟಮಾಲ್ ಸಿರಪ್ 6 ಎಂಎಲ್ ಬರೆದು ಕಳಿಸಿದರು, ಅಷ್ಟೇ. ಮೂರನೇ ರಾತ್ರಿಯೂ ಜ್ವರ ಬಿಡಲಿಲ್ಲ. ಬೇರೆ ಡಾಕ್ಟರ ಹತ್ತಿರ ಓಡಿದೆವು. ಅವರು ಆಂಟಿಬಯಾಟಿಕ್ ಕೊಟ್ಟರು. ಮಾರನೇ ದಿನವೇ ಮಗು ಆಟಕ್ಕಿಳಿದ. ಮೊದಲಿನವರು ಮಗುವನ್ನು ಸರಿಯಾಗಿ ನೋಡಲೇ ಇಲ್ಲ ಅನ್ನಿಸುತ್ತಿದೆ. ಈಗ ಲಸಿಕೆಗೆ ಅವರ ಬಳಿಯೇ ಹೋಗಬೇಕು. ಬೇರೆಯವರಿಗೆ ತೋರಿಸಿದ್ದನ್ನು ಹೇಳಲು ಮುಜುಗರ. ಡಾಕ್ಟರನ್ನೇ ಬದಲಾಯಿಸಿಬಿಡಲಾ?"

ಸಂಪಾದಕರ ಉತ್ತರ:

ಮೂರನೇ ರಾತ್ರಿ ನೀವು ಇನ್ನೊಬ್ಬರ ಬಳಿ ಓಡಿದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಮೈ ಕೆಂಡದಂತೆ ಕಾದಿರುವಾಗ ಯಾರ ಮನಸ್ಸೂ ಸುಮ್ನೆ ಕೂರುವುದಿಲ್ಲ. ಆದರೆ ಮೊದಲಿನ ಡಾಕ್ಟರು ಸರಿಯಾಗಿ ನೋಡಲಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ.

ಅಂಗಿ ಎತ್ತಿ ಎದೆ ನೋಡಿದರು ಎಂದು ಬರೆದಿದ್ದೀರಿ. ಆ ಸ್ವಲ್ಪ ಹೊತ್ತಿನಲ್ಲಿ ಅವರು ಮಗುವಿನ ಉಸಿರಾಟ ಗಮನಿಸುತ್ತಿದ್ದರು. ಒಂದರಿಂದ ಐದು ವರ್ಷದೊಳಗಿನ ಮಗು ಕೆಮ್ಮು, ಜ್ವರ ಇದ್ದಾಗ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ನ್ಯುಮೋನಿಯಾದ ಅನುಮಾನ ಬರುತ್ತದೆ. ಅದಕ್ಕೇ ಅಂಗಿ ಎತ್ತುವುದು. ಕಿವಿ ನೋಡುವುದು ಪೊರೆ ಕೆಂಪಾಗಿ ಉಬ್ಬಿದೆಯೇ ಎಂದು ತಿಳಿಯಲು. ಇನ್ನು ತೂಕ. ಮಕ್ಕಳಿಗೆ ಪ್ಯಾರಸಿಟಮಾಲ್ ಕೊಡುವುದು ತೂಕದ ಮೇಲೆ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಎಂಎಲ್ ಎಂದರೆ 144 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ ಅದು ಸರಿಯಾದ ಲೆಕ್ಕ. ಅದೇ ಔಷಧಿ ಡ್ರಾಪ್ಸ್ ಬಾಟಲಿಯಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುವುದುಂಟು. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಹಾಗಾಗಿ ಪ್ರತಿ ಸಲವೂ ಬಾಟಲಿ ಮೇಲಿನ ಅಂಕಿ ಓದಿಯೇ ಕೊಡಿ. ಇಷ್ಟೆಲ್ಲ ನೋಡಿದ, ಲೆಕ್ಕ ಹಾಕಿ ಬರೆದ ಡಾಕ್ಟರನ್ನು ಬೇಜವಾಬ್ದಾರಿ ಮನುಷ್ಯ ಅನ್ನುವುದು ಹೇಗೆ?

ಹಾಗಾದರೆ ಆಂಟಿಬಯಾಟಿಕ್ ಕೊಟ್ಟ ಮಾರನೇ ದಿನವೇ ವಾಸಿಯಾಯಿತಲ್ಲ ಅಂತ ಕೇಳುತ್ತೀರಿ. ಸಾಮಾನ್ಯ ವೈರಲ್ ಜ್ವರ ಮೂರ್ನಾಲ್ಕು ದಿನದಲ್ಲಿ ತಾನಾಗಿಯೇ ಇಳಿಯುವುದು ಹೆಚ್ಚು. ಆಂಟಿಬಯಾಟಿಕ್‌ಗೆ ವೈರಸ್ ಬಗ್ಗುವುದೇ ಇಲ್ಲ. ಮೂರನೇ ರಾತ್ರಿ ಏನು ಕೊಟ್ಟಿದ್ದರೂ ಹೆಸರು ಅದಕ್ಕೇ ಬರುತ್ತಿತ್ತು. ಇನ್ನೊಂದು ಸಾಧ್ಯತೆಯೂ ಇದೆ. ನೆಗಡಿ ಶುರುವಾದ ಎರಡು ಮೂರು ದಿನಕ್ಕೆ ಕಿವಿಗೆ ಸೋಂಕು ತಗಲುವುದುಂಟು. ಸೋಮವಾರ ಚೆನ್ನಾಗಿದ್ದ ಕಿವಿ ಗುರುವಾರ ಕೆಂಪಾಗಿರಬಹುದು. ಹಾಗಿದ್ದರೆ ಇಬ್ಬರು ಡಾಕ್ಟರೂ ಸರಿ. ಎರಡನೆಯವರು ಏನು ಕಂಡು ಆಂಟಿಬಯಾಟಿಕ್ ಬರೆದರು ಎಂದು ನೀವು ಕೇಳಿದ್ದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತಿತ್ತು.

ಮೊದಲಿನವರ ಕೊರತೆ ಎಲ್ಲಿ ಅಂದರೆ ಮಾತಿನಲ್ಲಿ. "ಗಾಬರಿ ಬೇಡ" ಅಂದವರು ಯಾವಾಗ ಗಾಬರಿಯಾಗಬೇಕು ಎಂದು ಹೇಳಲಿಲ್ಲ. ಜ್ವರ ಎಷ್ಟು ದಿನ ಇರಬಹುದು, ಯಾವ ದಿನಕ್ಕೂ ಬಿಡದಿದ್ದರೆ ಮತ್ತೆ ಕರೆತರಬೇಕು, ರಾತ್ರಿಯೇ ಓಡಿ ಬರಬೇಕಾದ ಲಕ್ಷಣ ಯಾವುದು? ಈ ಮೂರು ಮಾತಿಗೆ ಒಂದು ನಿಮಿಷವೂ ಬೇಡ. ಆ ಒಂದು ನಿಮಿಷ ಸಿಗದೇ ಹೋದದ್ದಕ್ಕೆ ನಿಮ್ಮ ಒಂದೂವರೆ ವರ್ಷದ ನಂಬಿಕೆ ಅಲ್ಲಾಡಿತು. ಇದು ಡಾಕ್ಟರರು ನಿಜವಾಗಿಯೂ ತಿದ್ದಿಕೊಳ್ಳಬೇಕಾದ ವಿಷಯ. ನನಗಿದು ಸಣ್ಣ ಲೋಪ ಅನ್ನಿಸುವುದಿಲ್ಲ.

ಇದು ಹಳೆಯ ಕಥೆ. ಬಾರ್ಬರಾ ಕೋರ್ಷ್ ಎಂಬ ಮಕ್ಕಳ ತಜ್ಞೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ತಾಯಂದಿರು ಮತ್ತು ಡಾಕ್ಟರರ 800 ಭೇಟಿಗಳನ್ನು ಅಧ್ಯಯನ ಮಾಡಿ 1968ರಲ್ಲಿ ಪ್ರಕಟಿಸಿದರು. ಸುಮಾರು ಕಾಲು ಭಾಗ ತಾಯಂದಿರು ತಮ್ಮ ಮನಸ್ಸಿನ ದೊಡ್ಡ ಭಯವನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿರಲೇ ಇಲ್ಲ. ಹೇಳಲು ಅವಕಾಶ ಸಿಗಲಿಲ್ಲ, ಯಾರೂ ಕೇಳಲಿಲ್ಲ. ಹೀಗೆ ಹೇಳದೇ ಉಳಿದ ಭಯವೇ ಮನೆಗೆ ಬಂದ ಮೇಲೆ ಅನುಮಾನವಾಗುತ್ತದೆ.

ಡಾಕ್ಟರರ ಕಡೆಯಿಂದಲೂ ಊಹೆಯೇ ನಡೆಯುತ್ತಿರುತ್ತದೆ. 1999ರಲ್ಲಿ ಬಂದ ಇನ್ನೊಂದು ಅಮೆರಿಕನ್ ಅಧ್ಯಯನ ನೋಡಿ. ಕಾಯಿಲೆ ವೈರಲ್ ಎಂದು ತಮಗೇ ಅನ್ನಿಸಿದಾಗಲೂ, ತಂದೆತಾಯಿಗೆ ಆಂಟಿಬಯಾಟಿಕ್ ಬೇಕಿದೆ ಎಂದು ಊಹಿಸಿದ ಡಾಕ್ಟರರು 100ಕ್ಕೆ 62 ಸಲ ಅದನ್ನು ಬರೆದರು. ಹಾಗೆ ಊಹಿಸದಿದ್ದಾಗ ಬರೆದದ್ದು 7 ಸಲ ಮಾತ್ರ. ತಂದೆತಾಯಿಗೆ ಸಮಾಧಾನ ತಂದದ್ದು ಮಾತ್ರ ಚೀಟಿಯಲ್ಲಿದ್ದ ಔಷಧಿಯಲ್ಲ, ಡಾಕ್ಟರು ಮಾತಾಡಿದ ರೀತಿ. ನೋಡಿ, ಇಬ್ಬರೂ ಬಾಯಿಬಿಡದೆ ಒಬ್ಬರ ಮನಸ್ಸನ್ನು ಇನ್ನೊಬ್ಬರು ಊಹಿಸುತ್ತಾ ಕೂತರೆ ಮಗುವಿಗೆ ಬೇಡದ ಔಷಧಿ ಬೀಳುತ್ತದೆ.

ಹಾಗಂತ ಡಾಕ್ಟರು ಹೇಳಿದ್ದೆಲ್ಲ ವೇದವಾಕ್ಯ ಎಂದು ನಂಬಿ ಅಂತಲೂ ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2007ರಲ್ಲಿ ರಯಾನ್ ಸಾಂಡರ್ಸ್ ಎಂಬ ಮಗು ತೀರಿಕೊಂಡಿತು. ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮಗುವಿನ ಸ್ಥಿತಿ ಕೆಡುತ್ತಿದೆ ಎಂದು ತಂದೆತಾಯಿ ಹೇಳುತ್ತಲೇ ಇದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಆಮೇಲೆ ಅಲ್ಲಿ ಆ ಮಗುವಿನ ಹೆಸರಿನಲ್ಲೇ 2013ರಲ್ಲಿ ಒಂದು ನಿಯಮ ಬಂತು. ಆಸ್ಪತ್ರೆಯಲ್ಲಿರುವ ಮಗುವಿಗೆ ಜಾಸ್ತಿಯಾಗುತ್ತಿದೆ, ಯಾರೂ ಕಿವಿಗೊಡುತ್ತಿಲ್ಲ ಅನ್ನಿಸಿದರೆ ಮನೆಯವರು ಬೇರೆ ವೈದ್ಯರ ಮರುಪರೀಕ್ಷೆ ಕೇಳಬಹುದು. ಇಂಗ್ಲೆಂಡಿನಲ್ಲೂ ಮಾರ್ಥಾ ಎಂಬ ಹುಡುಗಿಯ ಹೆಸರಿನಲ್ಲಿ ಇಂಥದ್ದೇ ನಿಯಮ 2024ರಿಂದ ಆಸ್ಪತ್ರೆಗಳಲ್ಲಿ ಜಾರಿಗೆ ಬರುತ್ತಿದೆ. "ಮಗು ಎಂದಿನಂತಿಲ್ಲ" ಅಂತ ಹೆತ್ತವರು ಹೇಳಿದರೆ ಅದೂ ಒಂದು ಲಕ್ಷಣವೇ. ಅದನ್ನು ತಳ್ಳಿಹಾಕುವ ಡಾಕ್ಟರನ್ನು ನಂಬಬೇಕಾಗಿಲ್ಲ.

ಕೆಲವು ಸಂದರ್ಭದಲ್ಲಿ ಯೋಚಿಸುತ್ತಾ ಕೂರಲೇಬಾರದು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು, ಆಗಲೇ ತೋರಿಸಿ. ಯಾವ ವಯಸ್ಸಿನ ಮಗುವೇ ಆಗಲಿ ಎಬ್ಬಿಸಿದರೂ ಏಳುತ್ತಿಲ್ಲ, ಏನೂ ಕುಡಿಯುತ್ತಿಲ್ಲ, ಉಚ್ಚೆ ಹೊಯ್ಯುವುದು ತೀರಾ ಕಮ್ಮಿಯಾಗಿದೆ, ಉಸಿರಿಗೆ ಒದ್ದಾಡುತ್ತಿದೆ, ಫಿಟ್ಸ್ ಬಂತು ಅಂದರೆ ಹತ್ತಿರದಲ್ಲಿ ಯಾರು ಸಿಗುತ್ತಾರೋ ಅವರ ಬಳಿ ಹೋಗಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬದಲಾಯಿಸುವ ಮುಂಚೆ ಒಂದು ಸಲ ಹೋಗಿ ಮಾತಾಡಿ. "ಸರ್, ಮೂರನೇ ದಿನವೂ ಜ್ವರ ಬಿಡಲಿಲ್ಲ, ಭಯವಾಯಿತು, ಬೇರೆಯವರಿಗೆ ತೋರಿಸಿದೆವು, ಇದನ್ನು ಕೊಟ್ಟರು" ಅನ್ನಿ. ಅವರಿಗೆ ಇದು ಗೊತ್ತಿರಲೇಬೇಕು. ಯಾವ ಆಂಟಿಬಯಾಟಿಕ್, ಎಷ್ಟು ದಿನ, ಮೈಮೇಲೆ ಗಂಧೆ ಎದ್ದಿತ್ತೇ ಎಂಬುದು ಮುಂದಿನ ಚಿಕಿತ್ಸೆಗೆ ಬೇಕಾದ ಮಾಹಿತಿ. ಆಮೇಲೆ ನೇರವಾಗಿ ಕೇಳಿ: "ಮುಂದೆ ಹೀಗಾದರೆ ನಾನು ಎಷ್ಟು ದಿನ ಕಾಯಲಿ? ಏನು ಕಂಡರೆ ನಿಮಗೆ ಫೋನ್ ಮಾಡಲಿ?"

ಉತ್ತರ ಹೇಗೆ ಬರುತ್ತದೆ ನೋಡಿ. ಕೂರಿಸಿ ವಿವರಿಸಿದರೆ, "ಅವತ್ತೇ ನಾನು ಇದನ್ನು ಹೇಳಬೇಕಿತ್ತು" ಅಂದರೆ, ಅವರನ್ನು ಬಿಡಬೇಡಿ. ಹುಟ್ಟಿದಾಗಿನಿಂದ ಮಗುವಿನ ತೂಕ, ಎತ್ತರ, ಬೆಳವಣಿಗೆಯ ಗೆರೆ ಹೇಗೆ ಏರಿದೆ ಎಂದು ಬಲ್ಲವರು ಅವರು. ಹೊಸಬರಿಗೆ ಅದು ತಿಳಿಯಲು ಸಮಯ ಬೇಕು. ಬೇರೆ ಕಡೆ ಹೋದಿರಿ ಅಂತ ರೇಗಿದರೆ, "ಡಾಕ್ಟರು ನೀವೋ ನಾನೋ" ಅಂದರೆ, ಆಗ ಬದಲಾಯಿಸಿ. ಜಗಳ ಬೇಡ. ಲಸಿಕೆ ಕಾರ್ಡು, ಹಳೆಯ ಚೀಟಿಗಳು, ಟೆಸ್ಟ್ ರಿಪೋರ್ಟ್‌ಗಳನ್ನು ಜೋಪಾನವಾಗಿ ತೆಗೆದುಕೊಂಡು ಹೊಸ ಡಾಕ್ಟರಿಗೆ ಕೊಡಿ. ಎರಡರಲ್ಲಿ ಯಾವುದೇ ಆಗಲಿ, ಈ ಮುಜುಗರಕ್ಕಾಗಿ ಲಸಿಕೆಯ ದಿನವನ್ನು ಮುಂದೆ ಹಾಕಬೇಡಿ.