ಕೇಕಿನ ಹೂವು ಜಾರಿದರೆ ಅಂಟು ಕಡಿಮೆ ಮಾಡಿ

ಪ್ರಶ್ನೆ: ಕಲಬುರಗಿಯಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ. ಫಾಂಡಂಟ್ (ಕಣಕದಂತೆ ಮಿದ್ದ ಸಕ್ಕರೆ) ಹೂವು, ಗೊಂಬೆ ಅಂಟಿಸಲು ಬಾಟಲಿಯಲ್ಲಿ ಸಿಗುವ ತಿನ್ನುವ ಅಂಟು ತರಿಸುತ್ತಿದ್ದೆ, ದುಬಾರಿ ಬೀಳ್ತಿತ್ತು. ಈಗ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ನೀರಿಗೆ ಹಾಕಿದರೆ ಅಂಟಾಗುವ ಪುಡಿ) ತಂದು ನಾನೇ ಮಾಡಿದೆ. ಬರೀ ಗಂಟು. ಅದನ್ನೇ ಬಳಿದರೆ ಹೂವು ಮೆಲ್ಲಗೆ ಕೆಳಗೆ ಜಾರುತ್ತದೆ. ಇನ್ನೂ ಗಟ್ಟಿ ಮಾಡಬೇಕಾ? ಇದು ಸಸ್ಯಾಹಾರವೇ ಅಂತ ಗಿರಾಕಿಗಳೂ ಕೇಳುತ್ತಾರೆ.

ಉತ್ತರ: ಮೊದಲು ಗಂಟಿನ ವಿಷಯ. ಕುದಿಯುವ ನೀರಿಗೆ ಜೋಳದ ಹಿಟ್ಟನ್ನು ಒಮ್ಮೆಲೇ ಸುರಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಸಿಎಂಸಿಯದೂ ಅದೇ ಕಥೆ. ಪುಡಿಯ ಹೊರಗಿನ ಪದರ ನೀರು ಕುಡಿದು ಲೋಳೆಯಾಗುತ್ತದೆ, ಆ ಲೋಳೆ ಒಳಗಿನ ಒಣ ಪುಡಿಗೆ ನೀರು ಹೋಗಲು ಬಿಡುವುದಿಲ್ಲ. ಎಷ್ಟು ತಿರುವಿದರೂ ಕೈ ನೋವಷ್ಟೇ.

ಆದ್ದರಿಂದ ತಿರುವಬೇಡಿ. ಕುದಿಸಿ ಆರಿಸಿದ 30 ಎಂಎಲ್ ನೀರು, ಅಂದ್ರೆ ಎರಡು ದೊಡ್ಡ ಚಮಚ, ಅದಕ್ಕೆ ಮಟ್ಟಸವಾಗಿ ಕಾಲು ಟೀ ಚಮಚ ಪುಡಿ. ಪುಡಿಯನ್ನು ನೀರಿನ ಮೇಲೆ ಉದುರಿಸಿ, ಮುಚ್ಚಳ ಹಾಕಿ, ಒಮ್ಮೆ ಜೋರಾಗಿ ಅಲ್ಲಾಡಿಸಿ ಫ್ರಿಜ್‌ನಲ್ಲಿಟ್ಟು ಮಲಗಿಬಿಡಿ. ರಾತ್ರಿ ಗಂಟುಗಂಟಾಗಿ ಕೆಟ್ಟುಹೋದಂತೆ ಕಂಡದ್ದು ಬೆಳಗ್ಗೆ ತಿಳಿಯಾಗಿರುತ್ತದೆ. ಅರ್ಜೆಂಟ್ ಇದ್ದರೆ ಪುಡಿಗೆ ಮೊದಲೇ ಅದರ ನಾಲ್ಕೈದು ಪಟ್ಟು ಐಸಿಂಗ್ ಸಕ್ಕರೆ ಬೆರೆಸಿ ಆಮೇಲೆ ನೀರಿಗೆ ಹಾಕಿ, ಕಣಗಳು ಒಂದಕ್ಕೊಂದು ಅಂಟದೆ ಬೇಗ ಕರಗುತ್ತವೆ. ಕೆಲವರು ಕೆಡದಿರಲಿ ಅಂತ ನಿಂಬೆ ರಸ ಹಿಂಡುತ್ತಾರೆ. ಬೇಡ. ಹುಳಿ ಜಾಸ್ತಿಯಾದರೆ ಅಂಟು ತೆಳ್ಳಗಾಗುತ್ತದೆ.

ಇನ್ನು ಜಾರುವುದು. ಇದಕ್ಕೆ ಅಂಟು ಗಟ್ಟಿ ಮಾಡುವುದು ಔಷಧಿಯಲ್ಲ. ನೀವು ಬಳಿಯುತ್ತಿರುವುದೇ ಜಾಸ್ತಿ. ಫಾಂಡಂಟ್ ಅಂದರೆ ಮುಕ್ಕಾಲುಪಾಲು ಸಕ್ಕರೆ ತಾನೇ? ಅಂಟಿನಲ್ಲಿರುವ ನೀರು ಆ ಸಕ್ಕರೆಯನ್ನು ಸ್ವಲ್ಪ ಕರಗಿಸಿ, ಆಮೇಲೆ ಆರಿದಾಗ ಎರಡನ್ನೂ ಹಿಡಿದುಕೊಳ್ಳುತ್ತದೆ. ನೀರು ಜಾಸ್ತಿ ಇದ್ದರೆ ಆರುವುದೇ ಇಲ್ಲ, ನಡುವೆ ಪಾಕ ನಿಂತು ಹೂವು ಅದರ ಮೇಲೆ ಜಾರುಬಂಡೆ ಆಡುತ್ತದೆ. ಸಣ್ಣ ಬ್ರಶ್ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ತೇವ ಅನ್ನಿಸುವಷ್ಟೇ ಹಚ್ಚಿ. ಅರ್ಧ ನಿಮಿಷ ಕಾಯಿರಿ. ಬೆರಳಿಗೆ ಜಿಗುಟು ಬಂತೇ? ಈಗ ಒತ್ತಿ, ಹತ್ತು ಎಣಿಸುವ ತನಕ ಹಿಡಿದುಕೊಳ್ಳಿ. ಈ ಅರ್ಧ ನಿಮಿಷ ಕಾಯದೆ ನಾನು ಒಂದು ಹುಟ್ಟುಹಬ್ಬದ ಕೇಕಿನ ಆನೆಯ ಸೊಂಡಿಲು ಕಳೆದುಕೊಂಡಿದ್ದೇನೆ. ಶಹಾಬಾದ್ ರಸ್ತೆಯ ಹಂಪುಗಳ ಮೇಲೆ ತಪ್ಪು ಹೊರಿಸಿದ್ದೆ, ತಪ್ಪು ನನ್ನದೇ ಇತ್ತು.

ಭಾರದ ಗೊಂಬೆಗೆ ಈ ತೆಳು ಅಂಟು ಸಾಲದು. ಅದೇ ಬಣ್ಣದ ಫಾಂಡಂಟ್ ಚೂರನ್ನು ಅಂಟಿನಲ್ಲೇ ಅರೆದು ಪೇಸ್ಟ್ ಮಾಡಿ, ಗಾರೆಯಂತೆ ಮೆತ್ತಿ. ತಲೆ, ಕೈಗಳಿಗೆ ಒಳಗೆ ಬೇಯಿಸದ ಒಣ ಸ್ಪಾಗೆಟ್ಟಿ ಕಡ್ಡಿ ಚುಚ್ಚಿ. ಹಲ್ಲುಕಡ್ಡಿ ಬೇಡ, ಮಕ್ಕಳು ಕಚ್ಚುತ್ತಾರೆ. ನಮ್ಮ ಶಾವಿಗೆ ಪ್ರಯತ್ನಿಸಿ ನೋಡಿದ್ದೇನೆ, ತೀರಾ ಸಣ್ಣ, ಮುರಿಯುತ್ತದೆ. ಬೆಣ್ಣೆ ಕ್ರೀಮಿನ ಮೇಲೆ ಅಂಟು ಹಚ್ಚುವುದು ಸುಮ್ನೆ ದಂಡ. ಜಿಡ್ಡಿಗೆ ಅದು ಹಿಡಿಯುವುದಿಲ್ಲ, ಅಲ್ಲಿ ಕ್ರೀಮೇ ಅಂಟು.

ಮತ್ತೆ ಒಂದು ಮಾತು ಕೇಳುತ್ತೇನೆ. ಕೇಕ್ ಮಾಡುವ ಕೋಣೆಯಲ್ಲಿ ಕೂಲರ್ ಓಡುತ್ತದೆಯೇ? ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಕೂಲರ್ ಇಲ್ಲದೆ ಕೂರಲಾಗದು, ಒಪ್ಪುತ್ತೇನೆ. ಆದರೆ ಅದು ನೀರಿನ ಪಸೆಯನ್ನೇ ಕೋಣೆಗೆ ಊದುತ್ತದೆ, ಸಕ್ಕರೆ ಆ ಪಸೆ ಹೀರಿ ಜಿಗುಟಾಗುತ್ತದೆ, ಹೊರಗೆ ಒಣ ಬಿಸಿಲಿದ್ದರೂ ನಿಮ್ಮ ಫಾಂಡಂಟ್ ಪಾಲಿಗೆ ಮಳೆಗಾಲ. ಅಂಟಿಸುವ ಹೊತ್ತಿಗೆ ಕೂಲರ್ ಆರಿಸಿ ಫ್ಯಾನ್ ಹಾಕಿ. ಮುಗಿದ ಕೇಕನ್ನು ಫ್ರಿಜ್‌ನಿಂದ ಸೀದಾ ಬಿಸಿಗೆ ತಂದರೂ ಅದು ಬೆವರಿ ಅಂಟು ಸಡಿಲಾಗುತ್ತದೆ, ಡಬ್ಬಿ ತೆಗೆಯದೆ ಮುಚ್ಚಿಟ್ಟೇ ಕೋಣೆಯ ಬಿಸಿಗೆ ಹೊಂದಲು ಬಿಡಿ.

ಸಸ್ಯಾಹಾರವೇ ಅಂದರೆ, ಹೌದು. ಸಿಎಂಸಿ ತಯಾರಾಗುವುದು ಮರದ ತಿರುಳಿನಿಂದ, ಇಲ್ಲವೇ ಹತ್ತಿಬೀಜಕ್ಕೆ ಅಂಟಿ ಉಳಿದ ಸಣ್ಣ ಎಳೆಗಳಿಂದ. ಯಾದಗಿರಿ ಕಡೆ ಹತ್ತಿ ಬೆಳೆಯುವವರಿಗೆ ಇದು ಖುಷಿ ಕೊಡಬಹುದು. ಕೇಕ್ ಸಾಮಾನಿನ ಅಂಗಡಿಯಲ್ಲಿ ಟೈಲೋಸ್ ಅಂತ ಮಾರುವುದೂ ಸಾಮಾನ್ಯವಾಗಿ ಇದೇ ವಸ್ತು. ಪೊಟ್ಟಣದ ಮೇಲೆ ಐಎನ್‌ಎಸ್ 466 (ಆಹಾರಕ್ಕೆ ಹಾಕುವ ಸಿಎಂಸಿಯ ಗುರುತಿನ ಸಂಖ್ಯೆ), ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಪರವಾನಗಿ ಸಂಖ್ಯೆ ನೋಡಿಯೇ ಕೊಳ್ಳಿ. ಸಾಬೂನು ಪುಡಿಗೆ, ಬಟ್ಟೆ ಗಂಜಿಗೆ ಹಾಕುವ ಸಿಎಂಸಿಯೂ ಸಿಗುತ್ತದೆ, ಅಗ್ಗ ಅಂತ ಅದನ್ನು ತರಬೇಡಿ. ಮಾಡಿದ ಅಂಟು ಫ್ರಿಜ್‌ನಲ್ಲಿ ಒಂದು ವಾರ. ಅಷ್ಟರೊಳಗೇ ನೀರುನೀರಾದರೆ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡಿವೆ ಅಂತ ಅರ್ಥ, ಚೆಲ್ಲಿ.

ಪ್ರಶ್ನೆ: ಬೀದರ್‌ನಲ್ಲಿ ಒಂದು ಮದುವೆಗೆ ಬಿದ್ರಿ ಮಾದರಿಯ ಕೇಕ್ ಕೇಳಿದ್ದಾರೆ. ಕಪ್ಪು ಫಾಂಡಂಟ್ ಮೇಲೆ ಬೆಳ್ಳಿ ವರ್ಕ್‌ನಿಂದ (ಸಿಹಿತಿಂಡಿಗೆ ಹಚ್ಚುವ ತೆಳು ಬೆಳ್ಳಿ ಹಾಳೆ) ಬಳ್ಳಿ ಬರಬೇಕು. ಅಂಟಿನ ಕಲೆ ಹೊಳೆಯುತ್ತಿದೆ.

ಉತ್ತರ: ಆಹಾ, ಒಳ್ಳೆ ಕೇಕ್! ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಕಸುಬುದಾರರು ಇರುವ ಊರಲ್ಲಿ ಎಲ್ಲರೂ ಗೆರೆ ನೋಡುವವರೇ, ಹುಷಾರು. ವರ್ಕನ್ನು ಸೀದಾ ಕೇಕಿಗೆ ಅಂಟಿಸಬೇಡಿ. ಬಿಳಿ ಗಮ್ ಪೇಸ್ಟನ್ನು (ಆರಿದರೆ ಗಟ್ಟಿಯಾಗುವ ಸಕ್ಕರೆ ಕಣಕ) ತೆಳ್ಳಗೆ ಲಟ್ಟಿಸಿ, ಸಮಪಾಲು ನೀರು ಬೆರೆಸಿ ತೆಳುಮಾಡಿದ ಅಂಟನ್ನು ಅದರ ಮೇಲೆ ಸವರಿ, ಜಿಗುಟು ಬಂದಾಗ ವರ್ಕ್ ಹಾಸಿ, ಒಣ ಬ್ರಶ್ಶಿನಿಂದ ಕೂರಿಸಿ. ಆರಿದ ಮೇಲೆ ಬಳ್ಳಿ, ಎಲೆ ಕತ್ತರಿಸಿ. ಕೇಕಿಗೆ ಅಂಟಿಸುವಾಗ ಅಂಟು ಎಲೆಯ ಬೆನ್ನಿಗೆ ಮಾತ್ರ, ಅದೂ ನಡುವೆ, ಅಂಚಿನಿಂದ ಸ್ವಲ್ಪ ಒಳಗೆ. ಕಪ್ಪಿನ ಮೇಲೆ ಅಂಟು ಹೊರಗೆ ಬರಲೇಬಾರದು. ಬಂದರೆ ಆಗಲೇ ಒರೆಸಬೇಡಿ, ಹರಡುತ್ತದೆ. ಪೂರ್ತಿ ಆರಲಿ, ಆಮೇಲೆ ತಿನ್ನುವ ಕಪ್ಪು ಡಸ್ಟ್ ಬಣ್ಣವನ್ನು (ಪುಡಿ ಬಣ್ಣ) ನೀರು ಬೆರೆಸದೆ ಒಣದಾಗಿಯೇ ಸವರಿ ಹೊಳಪು ಮುಚ್ಚಿ. ವರ್ಕ್ ಯಂತ್ರದಲ್ಲಿ ತಯಾರಾದದ್ದೇ ಇರಲಿ, ಪ್ರಾಣಿಮೂಲದ ವಸ್ತು ಬಳಸಬಾರದೆಂಬ ನಿಯಮವಿದೆ, ಬೆಳ್ಳಿಯ ಶುದ್ಧತೆ ಶೇ 99.9 ಇರಬೇಕು.

ಪ್ರಶ್ನೆ: ಯಾದಗಿರಿಯಲ್ಲಿ ಸಿಎಂಸಿ ಸಿಗುತ್ತಿಲ್ಲ. ಅಂಟಿನ ಉಂಡಿಗೆ ಹಾಕುವ ಅಂಟೇ ನಡೆಯುತ್ತದಾ?

ಉತ್ತರ: ಪರೀಕ್ಷೆ ಮಾಡಿ. ಒಂದು ಹರಳು ಕುಟ್ಟಿ ಬಿಸಿ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಪೂರ್ತಿ ಕರಗಿದರೆ ನಡೆಯುತ್ತದೆ. ಒಂದು ಪಾಲು ಪುಡಿಗೆ ಮೂರು ಪಾಲು ನೀರು, ತೆಳು ಬಟ್ಟೆಯಲ್ಲಿ ಸೋಸಿ. ತುಸು ಹಳದಿ ಬರುತ್ತದೆ, ಬಿಳಿ ಹೂವಿಗೆ ಬೇಡ. ಕರಗದೆ ಉಬ್ಬಿ ಜೆಲ್ಲಿಯಂತಾದರೆ ಅದು ಶರಬತ್ತಿಗೆ ಹಾಕುವ ಗೋಂದ್ ಕತೀರಾ ಥರದ್ದು, ಅಂಟಿಸಲು ಬಾರದು, ಸಕ್ಕರೆ ನೀರು ಹಾಕಿ ಕುಡಿದುಬಿಡಿ. ಎರಡೂ ಇಲ್ಲವಾದರೆ ಗೋಲಿಯಷ್ಟು ಫಾಂಡಂಟನ್ನು ಒಂದು ಚಮಚ ಬಿಸಿ ನೀರಿನಲ್ಲಿ ಕರಗಿಸಿ ಆರಿಸಿಕೊಳ್ಳಿ, ಹಗುರ ಹೂವಿಗೆ ಅಷ್ಟು ಸಾಕು.